ಮನೆಯವರ ಸಾಲು

ಹತ್ತು ಗಂಟೆಯ ವಾರ್ತೆ ಮುಗಿದು ಊರ ರೇಡಿಯೋದ ಹೆಂಗಸು ಸತ್ತವರ ಹೆಸರುಗಳನ್ನು ಓದಲು ಶುರುಮಾಡಿದಾಗ ಮಲಕಿ ಗ್ಯಾಫ್ನಿಯ ಕೈ ಬ್ರೆಡ್ಡಿನ ಮೇಲೆ ಬೆಣ್ಣೆ ಸವರುವುದನ್ನು ತಾನಾಗಿಯೇ ನಿಲ್ಲಿಸಿತು. ಮೂವತ್ತೊಂದು ವರ್ಷದಿಂದ ಕೌಂಟಿ ಕೌನ್ಸಿಲಿನ ಸದಸ್ಯನಾಗಿರುವವನ ಕೈ ಅದು. ಬೆಣ್ಣೆ ಕಾಯಬಹುದು, ಸಾವು ಕಾಯುವುದಿಲ್ಲ ಎಂಬುದು ಅದಕ್ಕೆ ಗೊತ್ತಿತ್ತು. ಕ್ಲೂನ್‌ಮೋರಿನ ಫಿಲೋಮಿನಾ ಡೆವೇನಿ, ಎಪ್ಪತ್ತೆಂಟು ವರ್ಷ, ಶಾಂತವಾಗಿ ತೀರಿಕೊಂಡರು, ತಮ್ಮ ಜಾರ್ಲತ್ ಮತ್ತು ತಂಗಿ ಬರ್ನಡೆಟ್ ಅವರನ್ನು ಅಗಲಿದ್ದಾರೆ, ಇಂದು ಮಧ್ಯಾಹ್ನ ಮೂರರಿಂದ ಮನೆಯಲ್ಲೇ ನೋಡಲು ಬರಬಹುದು, ಹೂವು ಬೇಡ. ಎದುರಿನ ಕುರ್ಚಿ ಖಾಲಿ ಇತ್ತು. ಎಂಟು ತಿಂಗಳ ಹಿಂದಾಗಿದ್ದರೆ ಆ ಕುರ್ಚಿಯಲ್ಲಿ ಕುಳಿತ ಅವನ ಹೆಂಡತಿ ಅಟ್ರಾಕ್ಟಾ ಹೆಸರು ಪೂರ್ತಿ ಹೊರಬೀಳುವ ಮೊದಲೇ ವಂಶವೃಕ್ಷವನ್ನು ಬಿಡಿಸಿಟ್ಟಿರುತ್ತಿದ್ದಳು. ಫಿಲೋಮಿನಾ ದೊಡ್ಡವಳು, ಮದುವೆ ಆಗಲಿಲ್ಲ, ತಮ್ಮನಿಗೆ ಬೇಯಿಸಿ ಹಾಕಿಕೊಂಡೇ ಕಾಲ ಕಳೆದಳು. ಬರ್ನಡೆಟ್ ಬರ್ಮಿಂಗ್‌ಹ್ಯಾಮಿನಲ್ಲಿರುವವಳು, ಅವಳ ಗಂಡನ ಸುದ್ದಿ ಎತ್ತಬೇಡ ಮಲಕಿ, ಅವನು ಓಡಿಹೋದ. ಇಷ್ಟೂ ಈಗ ಅವನಿಗೇ ನೆನಪಾಯಿತು, ಆದರೆ ಅವಳ ದನಿಯಲ್ಲೇ ನೆನಪಾಯಿತು.

ಫೋನು ಬಂದೇ ಬರುತ್ತದೆಂದು ಗೊತ್ತಿತ್ತು. ಬಂತು. ಪಕ್ಷದ ತಾಲೂಕು ಕಾರ್ಯದರ್ಶಿ ಗೊರೆಟ್ಟಿ. ವಯಸ್ಸಿನಲ್ಲಿ ಅವನಿಗಿಂತ ಮೂವತ್ತು ವರ್ಷ ಚಿಕ್ಕವಳು, ಬಾಯಲ್ಲಿ ಮೂವತ್ತು ವರ್ಷ ದೊಡ್ಡವಳು.

"ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡೆ."

"ಹೋಗ್ತೀರಿ ತಾನೆ?"

ಅವನು ಬೆಣ್ಣೆಯ ಚಾಕುವನ್ನು ನೋಡುತ್ತಿದ್ದ.

"ಮಲಕಿ, ನೇರವಾಗಿ ಹೇಳ್ಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ಎಂಟು ತಿಂಗಳಿಂದ ನೀವು ಒಂದು ಸಾವಿನ ಮನೆಗೂ ಕಾಲಿಟ್ಟಿಲ್ಲ. ರಸ್ತೆ ಗುಂಡಿ ಮುಚ್ಚಿಸ್ದೇ ಇದ್ರೆ ಜನ ಬೈದು ಮರೀತಾರೆ. ಹೆಣ ನೋಡಕ್ಕೆ ಬರ್ಲಿಲ್ಲ ಅಂದ್ರೆ ಮೊಮ್ಮಕ್ಕಳ ಕಾಲಕ್ಕೂ ಮರೆಯಲ್ಲ. ಇದನ್ನ ನನಗೆ ಕಲಿಸಿದ್ದೇ ನೀವು. ಇವತ್ತು ಎಂಟು ಗಂಟೆಗೆ ಟಿಕೆಟ್ ಯಾರಿಗೆ ಅಂತ ಸಭೆ. ಅಲ್ಲಿ ಕೈ ಎತ್ತೋರೆಲ್ಲ ಅದಕ್ಕೆ ಮುಂಚೆ ಡೆವೇನಿ ಮನೆ ಅಂಗಳದಲ್ಲೇ ಇರ್ತಾರೆ."

"ಜಾರ್ಲತ್ ಆ ಕಡೆ ಪಕ್ಷದವನು."

"ಸತ್ತವ್ರಿಗೆ ಯಾವ ಪಕ್ಷ? ಹೋಗಿ, ಕೈ ಕುಲುಕಿ, ಒಂದು ಮಾತು ಹೇಳಿ, ಹಿಂದಿನ ಬಾಗಿಲಿಂದ ಹೊರಟುಬನ್ನಿ. ಕಾಲು ಗಂಟೆ ಕೆಲಸ."

ಒಂದು ಮಾತು. ಆ ಒಂದು ಮಾತೇ ಅವನ ಕೊರಳಲ್ಲಿ ಎಂಟು ತಿಂಗಳಿಂದ ಸಿಕ್ಕಿಕೊಂಡಿತ್ತು. ಆ ಸೀಮೆಯಲ್ಲಿ ಸಾವಿನ ಮನೆಗೆ ಹೋದವರು ಹೆಚ್ಚು ಮಾತಾಡುವುದಿಲ್ಲ. ಮನೆಯವರು ಶವಪೆಟ್ಟಿಗೆಯ ಪಕ್ಕ ಸಾಲಾಗಿ ಕುಳಿತಿರುತ್ತಾರೆ. ಬಂದವರು ಒಬ್ಬೊಬ್ಬರ ಕೈ ಹಿಡಿದು, ‘ನಿಮಗೀ ಕಷ್ಟ ಬರಬಾರದಿತ್ತು’ ಎಂದು ಹೇಳಿ ಮುಂದೆ ಸರಿಯುತ್ತಾರೆ. ಅಜ್ಜನ ಕಾಲದಿಂದ ಅದೇ ಮಾತು. ಮಲಕಿ ಅದನ್ನು ಎಷ್ಟು ಸಾವಿರ ಸಲ ಹೇಳಿದ್ದನೋ; ಆದರೆ ಪ್ರತಿ ಸಲವೂ ಎರಡೂ ಕೈಯಿಂದ ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಆಗತಾನೇ ಹುಟ್ಟಿದ ಮಾತಿನಂತೆ ಹೇಳುತ್ತಿದ್ದ. ಅದು ನಟನೆಯೇ ಎಂದು ಕೇಳಿದರೆ ಅಲ್ಲ. ನಿಜವೇ ಎಂದು ಕೇಳಿದರೆ ಅದೂ ಗೊತ್ತಿಲ್ಲ. ಅಟ್ರಾಕ್ಟಾಳನ್ನು ಮಲಗಿಸಿದ್ದು ಇದೇ ಮನೆಯ ಮುಂಗೋಣೆಯಲ್ಲಿ. ಮಕ್ಕಳಿಲ್ಲದ ಮನೆ, ಸಾಲಿನಲ್ಲಿ ಅವನು, ಅವಳ ತಮ್ಮ, ಇಬ್ಬರೇ. ಮೊದಲು ಒಳಗೆ ಬಂದವನು ಪೋಸ್ಟ್‌ಮ್ಯಾನ್ ಇಗ್ನೇಷಿಯಸ್. ಮಲಕಿ ಎದ್ದು ನಿಂತ, ಎರಡೂ ಕೈಯಿಂದ ಅವನ ಕೈ ಹಿಡಿದ, ಕಣ್ಣಲ್ಲಿ ಕಣ್ಣಿಟ್ಟ, ಮತ್ತು ‘ನಿಮಗೀ ಕಷ್ಟ ಬರಬಾರದಿತ್ತು’ ಎಂದ. ಪಾಪ ಇಗ್ನೇಷಿಯಸ್ ತಬ್ಬಿಬ್ಬಾಗಿ, "ದೊಡ್ಡ ಉಪಕಾರ ಆಯ್ತು ಮಲಕಿ" ಎಂದು ಹೇಳಿ ಅಡುಗೆಮನೆಗೆ ನಡೆದುಬಿಟ್ಟ. ಅವನ ಹಿಂದೆ ಬಂದವಳಿಗೂ ಹಾಗೆಯೇ, ಅವಳ ಹಿಂದಿನವನಿಗೂ. ಅರವತ್ತೋ ಎಪ್ಪತ್ತೋ ಜನ ದಾಟಿದ ಮೇಲೆ ತಾನು ಏನು ಹೇಳುತ್ತಿದ್ದೇನೆಂದು ತನ್ನ ಕಿವಿಗೇ ಬಿತ್ತು. ಬಿದ್ದ ಮೇಲೂ ನಿಲ್ಲಿಸಲಾಗಲಿಲ್ಲ, ಅದು ಅವನಿಗೆ ಇವತ್ತಿಗೂ ಅರ್ಥವಾಗದ ಸಂಗತಿ. ಮೂರು ಗಂಟೆ ಹೊತ್ತು ಊರಿಗೆ ಊರೇ ಅವನಿಂದ ಸಮಾಧಾನ ಹೇಳಿಸಿಕೊಂಡು, ಹ್ಯಾಮ್ ಸ್ಯಾಂಡ್‌ವಿಚ್ ತಿಂದು, ಟೀ ಕುಡಿದು ಹೊರಟುಹೋಯಿತು. ಅವನಿಗೆ ಯಾರೂ ಏನೂ ಹೇಳಲಿಲ್ಲ. ಹೇಳಲು ಅವನು ಜಾಗ ಬಿಟ್ಟಿದ್ದರೆ ತಾನೆ.

ಒಂದು ವಾರದ ಮೇಲೆ ಹಾರ್ಡ್‌ವೇರ್ ಅಂಗಡಿಯಲ್ಲಿ, ರಬ್ಬರ್ ಬೂಟುಗಳನ್ನು ತೂಗುಹಾಕಿದ್ದ ಸಾಲಿನ ಹಿಂದೆ ಅವನು ಇದ್ದಾನೆಂದು ತಿಳಿಯದೆ ಇಬ್ಬರು ಮಾತಾಡಿಕೊಳ್ಳುತ್ತಿದ್ದರು. "ಹೆಂಡ್ತಿ ಪೆಟ್ಟಿಗೆ ಪಕ್ಕ ನಿಂತ್ಕೊಂಡು ಓಟು ಕೇಳಿದ ಪುಣ್ಯಾತ್ಮ ಅವನೊಬ್ಬನೇ" ಎಂದು ಒಬ್ಬ, "ಅವಳ ಓಟು ಎಲ್ಲೋಗುತ್ತೆ, ಸ್ವರ್ಗದಿಂದ ಹಾಕ್ತಾಳೆ ಬಿಡು" ಎಂದು ಇನ್ನೊಬ್ಬ. ನಕ್ಕರು. ಆ ನಗೆಯಲ್ಲಿ ಕೇಡು ಇರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. ಮಲಕಿ ತನಗೆ ಬೇಡದ ಒಂದು ಜೊತೆ ಬೂಟನ್ನು ಕೈಯಲ್ಲಿ ಹಿಡಿದು ಅವರು ಹೋಗುವವರೆಗೂ ನಿಂತಿದ್ದ. ಮೊದಲನೆಯ ಮಾತು ಯಾರ ಬಾಯಲ್ಲಿ ಹುಟ್ಟಿದ್ದೆಂದು ಅವನಿಗೆ ಅನುಮಾನವೇ ಇರಲಿಲ್ಲ. ಆ ಹರಿತ ಜಾರ್ಲತ್ ಡೆವೇನಿಯದು.

ಅವತ್ತಿನಿಂದ ಅವನು ಯಾರ ಸಾವಿಗೂ ಹೋಗಲಿಲ್ಲ. ಜನ ಶೋಕವೆಂದುಕೊಂಡರು. ಶೋಕವಾಗಿದ್ದರೆ ಅವನಿಗೆ ಸಮಾಧಾನವಿರುತ್ತಿತ್ತು. ಅಟ್ರಾಕ್ಟಾ ಸತ್ತ ಮೇಲೆ ಅವನು ಒಂದು ಸಲವೂ ಅತ್ತಿರಲಿಲ್ಲ. ಅವಳ ಪೆಟ್ಟಿಗೆಯ ಪಕ್ಕ ನಿಂತದ್ದು ಅವಳ ಗಂಡನೋ ಬರೀ ಕೌನ್ಸಿಲರೋ ಎಂಬುದೇ ಅವನಿಗೆ ಗೊತ್ತಿರಲಿಲ್ಲ, ಗೊತ್ತಾಗದೆ ಸಾಯಬೇಕಾದೀತೆಂಬ ಹೆದರಿಕೆ ದಿನವೂ ಮಧ್ಯಾಹ್ನ ಟೀ ಹೊತ್ತಿಗೆ ಬಂದು ಹೋಗುತ್ತಿತ್ತು.

ಕರಿ ಟೈ ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ಅವನಿಗೆ ಟೈ ಕಟ್ಟಲು ಬರುತ್ತಿರಲಿಲ್ಲ; ಅಟ್ರಾಕ್ಟಾ ಒಂದು ಸಲ ಗಂಟು ಹಾಕಿ ಮೊಳೆಗೆ ಸಿಕ್ಕಿಸುವಳು, ಅವನು ತಲೆ ತೂರಿಸಿ ಬಿಗಿಮಾಡಿಕೊಳ್ಳುವನು, ಬಂದ ಮೇಲೆ ಸಡಿಲಿಸಿ ಮತ್ತೆ ಮೊಳೆಗೆ. ಈಗ ಇರುವ ಗಂಟನ್ನು ಅವಳು ಹಾಕಿದ್ದು ಆಸ್ಪತ್ರೆಗೆ ಹೊರಡುವ ಮುಂಚಿನ ದಿನ. ಆ ಗಂಟಿನಲ್ಲೇ ಅವಳನ್ನು ಮಣ್ಣುಮಾಡಿ ಬಂದಿದ್ದ. ಎರಡು ಗಂಟೆಗೆ ಮುಖ ಕ್ಷೌರ ಮಾಡಿಕೊಂಡು, ಟೈಯನ್ನು ಹುಷಾರಾಗಿ ತಲೆಯ ಮೇಲಿಂದ ಇಳಿಸಿಕೊಂಡ. ಹೋಗುತ್ತೇನೆಂದು ಇನ್ನೂ ನಿರ್ಧರಿಸಿರಲಿಲ್ಲ. ಟೈ ಹಾಕಿಕೊಂಡಿದ್ದ, ಅಷ್ಟೆ.

ಕಾರಿನಲ್ಲಿ ಪಕ್ಕದ ಸೀಟನ್ನು ನೋಡಬಾರದೆಂದುಕೊಂಡು ನೋಡಿದ. ಸಾವಿನ ಮನೆಯ ಹಜಾರದಲ್ಲಿ ಅವಳು ಅವನ ಎಡ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುವಳು. ಹೆಬ್ಬೆರಳು ಒಂದು ಸಲ ಒತ್ತಿದರೆ ಹತ್ತಿರದ ಸಂಬಂಧ, ಕೈ ಬಿಡಬೇಡ ಎಂದರ್ಥ. ಎರಡು ಸಲ ಒತ್ತಿದರೆ ಸಾಕು, ಮುಂದೆ ನಡೆ. ಹೆಸರುಗಳನ್ನು ತುಟಿ ಅಲುಗಿಸದೆ ಹೇಳುವಳು. ಮಲಕಿ ಗ್ಯಾಫ್ನಿಗೆ ಎಂಥ ಜ್ಞಾಪಕಶಕ್ತಿ, ನಮ್ಮಜ್ಜಿ ಹೆಸರನ್ನೂ ಮರೆತಿಲ್ಲ ಎಂದು ಜನ ಬೆರಗಾಗುತ್ತಿದ್ದರು. ಏಳು ಚುನಾವಣೆ ಗೆದ್ದದ್ದು ಆ ಹೆಬ್ಬೆರಳು. ಕಡೆಯ ಬೇಸಿಗೆಯಲ್ಲಿ ನಿಲ್ಲಲು ಶಕ್ತಿ ಸಾಲದೆ ಅವಳು ಕಾರಿನಲ್ಲೇ ಕಂಬಳಿ ಹೊದ್ದು ಕುಳಿತು, ಒಳಗೆ ಹೋಗುತ್ತಿದ್ದವರನ್ನು ಕಿಟಕಿಯಿಂದಲೇ ತೋರಿಸಿ ಪಾಠ ಹೇಳಿಕೊಡುತ್ತಿದ್ದಳು: ನೀಲಿ ಟೋಪಿಯವಳು ಸೊಸೆ, ಕುಂಟುವವನು ಚಿಕ್ಕಪ್ಪ. ಅವನು ಬಾಯಿಪಾಠ ಮಾಡಿಕೊಂಡು ಒಳಗೆ ಹೋಗುತ್ತಿದ್ದ. ಬೇಡ, ಇವತ್ತು ಮನೆಗೆ ಹೋಗೋಣ ನಡಿ ಎಂದು ಒಂದು ದಿನವೂ ಅನ್ನಲಿಲ್ಲ. ಅದಕ್ಕೂ ಮುಂಚೆ, ಅವಳ ಪರೀಕ್ಷೆಗಳ ಫಲಿತಾಂಶ ಹೇಳುತ್ತೇನೆಂದು ಡಾಕ್ಟರು ಕರೆದ ದಿನ, ಅವನು ಮುಖ ಕೂಡ ನೋಡಿರದ ಒಬ್ಬ ಮುದುಕನ ಮಣ್ಣಿಗೆ ಹೋಗಿದ್ದ. "ಆ ಮನೇಲಿ ಹನ್ನೊಂದು ಓಟಿದೆ, ನೀನು ಹೋಗು, ಡಾಕ್ಟರ ಹತ್ರ ಹೋಗಕ್ಕೆ ನನಗೇನು ದಾರಿ ಗೊತ್ತಿಲ್ವಾ" ಎಂದಿದ್ದಳು. ಸಂಜೆ ಬಂದು ಡಾಕ್ಟರು ಏನೆಂದರು ಎಂದು ಕೇಳಿದರೆ, "ಮೊದಲು ನೀನು ಹೇಳು, ಹಿರೀ ಮಗ ಕೆನಡಾದಿಂದ ಬಂದಿದ್ನಾ? ಆಸ್ತಿ ಜಗಳದವನು?" ಬಂದಿದ್ದ. ಮಲಕಿ ಅದನ್ನು ರಸವತ್ತಾಗಿ ಹೇಳಿದ, ಅಣ್ಣತಮ್ಮಂದಿರು ಗುಂಡಿಯ ಆ ಕಡೆ ಈ ಕಡೆ ಬೆನ್ನು ತಿರುಗಿಸಿ ನಿಂತದ್ದನ್ನು ಅಭಿನಯಿಸಿಯೂ ತೋರಿಸಿದ, ಅವಳು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಇಪ್ಪತ್ತು ನಿಮಿಷವಾದ ಮೇಲೆ ತನ್ನ ಸುದ್ದಿ ಹೇಳಿದಳು. ಆ ಇಪ್ಪತ್ತು ನಿಮಿಷವನ್ನು ಯಾರಾದರೂ ವಾಪಸ್ಸು ತೆಗೆದುಕೊಂಡರೆ ಅವನು ಕೌನ್ಸಿಲನ್ನೇ ಬಿಟ್ಟುಕೊಡುತ್ತಿದ್ದ.

ಕ್ಲೂನ್‌ಮೋರಿನ ತಿರುವಿನಲ್ಲಿ ಹ್ಯೂಬರ್ಟ್ ಲಾಫ್ಟಸ್‌ನ ಮನೆ ಕಂಡಿತು. ಮಲಕಿಗೆ ತಡೆಯಲಾಗದೆ ನಗು ಬಂತು. ಆ ಊರಲ್ಲಿ ಅದೇ ಹೆಸರಿನವರು ಇಬ್ಬರಿದ್ದರು. ಹಿಂದೊಮ್ಮೆ ರೇಡಿಯೋದಲ್ಲಿ ಆ ಹೆಸರು ಬಂದದ್ದೇ ತಡ, ಈ ಕಡೆಯಿಂದ ಅಟ್ರಾಕ್ಟಾಳ ಜೊತೆ ಮಲಕಿ, ಆ ಕಡೆಯಿಂದ ಆಗ ಕೌನ್ಸಿಲಿನಲ್ಲಿದ್ದ ಜಾರ್ಲತ್, ನಾ ಮುಂದೆ ತಾ ಮುಂದೆ ಎಂದು ಕಾರೋಡಿಸಿಕೊಂಡು ಬಂದು ಒಟ್ಟಿಗೇ ಬಾಗಿಲು ತಟ್ಟಿದ್ದರು. ಬಾಗಿಲು ತೆರೆದವನು ಹ್ಯೂಬರ್ಟನೇ. "ಇನ್ನೂ ಇಲ್ಲ ಕಣ್ರಪ್ಪಾ" ಎಂದ. "ಸತ್ತಿದ್ದು ಗುಡ್ಡದ ಮೇಲಿನ ಹ್ಯೂಬರ್ಟು. ಬಂದಿದ್ದೀರಿ, ಟೀ ಕುಡ್ಕೊಂಡು ಹೋಗಿ. ಓಟನ್ನಂತೂ ಇಬ್ಬರಿಗೂ ಹಾಕಲ್ಲ." ಅಟ್ರಾಕ್ಟಾಳ ಲೆಕ್ಕ ತಪ್ಪಿದ್ದು ಅದೊಂದೇ ಸಲ. ನಾಲ್ವರೂ ಕುಳಿತು ಟೀ ಕುಡಿದರು. ಅವತ್ತು ಅವಳು, "ಆ ಜಾರ್ಲತ್ ಒಳ್ಳೇವ್ನು ಮಲಕಿ, ಪಕ್ಷ ಸರಿಯಿಲ್ಲ ಅಷ್ಟೇ" ಎಂದಿದ್ದಳು. ಅದಾಗಿ ಎಷ್ಟೋ ವರ್ಷಕ್ಕೆ, ಮೂರು ಸಲ ಮತ ಎಣಿಸಿ ಜಾರ್ಲತ್ ಒಂಬತ್ತು ಓಟಿನಲ್ಲಿ ಮಲಕಿಗೆ ಸೋತ. ಆಮೇಲೆ ಇಬ್ಬರ ನಡುವೆ ತಲೆಯಾಡಿಸುವುದು ಬಿಟ್ಟರೆ ಬೇರೆ ಮಾತಿರಲಿಲ್ಲ.

ಡೆವೇನಿ ಮನೆಯ ಪಕ್ಕದ ಹೊಲದಲ್ಲಿ ಕಾರು ನಿಲ್ಲಿಸುವವರಿಗೆ ದಾರಿ ತೋರುತ್ತ ನಿಂತಿದ್ದ ನೆರೆಯವನು ಕಿಟಕಿಗೆ ಬಗ್ಗಿದ. "ಓ, ಮಲಕಿ! ಗೇಟಿನ ಹತ್ರಾನೇ ಮುಖ ತಿರುಗ್ಸಿ ನಿಲ್ಸಿ. ನೀವು ಬೇಗ ಹೊರಡೋರಲ್ವಾ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಮೂವತ್ತೊಂದು ವರ್ಷ ತಾನು ಯಾರಿಗೂ ಕಾಣದಂತೆ ಹಿಂದಿನ ಬಾಗಿಲಿಂದ ನುಸುಳುತ್ತಿದ್ದೇನೆಂದು ಮಲಕಿ ತಿಳಿದಿದ್ದ. ಊರಿಗೆಲ್ಲ ಗೊತ್ತಿತ್ತು, ಅವನಿಗಾಗಿ ಜಾಗವನ್ನೂ ಬಿಟ್ಟಿಡುತ್ತಿದ್ದರು. ಗೇಟಿನ ಹತ್ತಿರವೇ ನಿಲ್ಲಿಸಿದ.

ಸಾಲು ಹಜಾರದಿಂದ ಅಂಗಳದವರೆಗೆ ಇತ್ತು. ಮುಂದಿನವರು ತಿರುಗಿ ನೋಡಿ ತಲೆಯಾಡಿಸಿದರು, ಹಿಂದಿನವರು ಪಿಸುಗುಟ್ಟಿದರು, ಅಥವಾ ಹಾಗೆಂದು ಅವನಿಗನಿಸಿತು. ಗಡಿಯಾರವನ್ನು ಫಿಲೋಮಿನಾಳ ಜೀವ ಹೋದ ಹೊತ್ತಿಗೆ, ನಾಲ್ಕೂ ಇಪ್ಪತ್ತಕ್ಕೆ, ನಿಲ್ಲಿಸಿದ್ದರು, ಕನ್ನಡಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಮೇಣದ ವಾಸನೆ, ಹ್ಯಾಮಿನ ವಾಸನೆ. ಎಡ ಮೊಣಕೈ ಭಾರವಿಲ್ಲದೆ ತೇಲುವಂತಿತ್ತು. ಅದನ್ನು ಹೊಟ್ಟೆಗೆ ಒತ್ತಿಹಿಡಿದುಕೊಂಡ. ಮುಂದೆ ಎಂಟು ಜನ, ಏಳು ಜನ. ಆ ಮಾತನ್ನು ಒಳಗೊಳಗೇ ಹೇಳಿನೋಡಿದ. ಶಬ್ದಗಳೆಲ್ಲ ಇದ್ದವು, ನಾಲಿಗೆಗೆ ಇಳಿಯುತ್ತಿರಲಿಲ್ಲ. ಇಲ್ಲೂ ತಪ್ಪಿದರೆ ಎಂಟು ಗಂಟೆಯ ಸಭೆಯ ಹೊತ್ತಿಗೆ ಹೊಸ ಜೋಕು ಹುಟ್ಟಿಕೊಂಡಿರುತ್ತದೆ. ತಿರುಗಿ ಹೋಗಿಬಿಡೋಣವೆಂದರೆ ಹಿಂದೆ ಇಪ್ಪತ್ತು ಜನ. ಸಾಲು ಅವನನ್ನು ಕೋಣೆಯೊಳಗೆ ತಳ್ಳಿತು.

ಮೊದಲು ಬರ್ನಡೆಟ್‌ಳ ಮಗಳು. ಮಲಕಿ ಕೈ ನೀಡಿದ, ಬಾಯಿ ತೆರೆದ, ಏನೂ ಬರಲಿಲ್ಲ. "ಬಂದಿದ್ದು ಸಂತೋಷ" ಎಂದಳು ಹುಡುಗಿ. ಬರ್ನಡೆಟ್‌ಳ ಎದುರೂ ಹಾಗೆಯೇ ಮೂಗನಂತೆ ನಿಂತು ಸರಿದ. ಆಮೇಲೆ ಪೆಟ್ಟಿಗೆ. ಫಿಲೋಮಿನಾಳ ಕೈಗಳಿಗೆ ಜಪಮಾಲೆ ಸುತ್ತಿದ್ದರು. ಹಾಲು ಕರೆದು, ಆಲೂಗಡ್ಡೆ ಅಗೆದು ದಪ್ಪಗಾದ ಕೈಗಳು, ಒಂದು ಉಗುರು ಕಪ್ಪು. ಅವುಗಳನ್ನು ನೋಡುತ್ತಿದ್ದಂತೆ ಅವನಿಗೆ ತಣ್ಣಗೆ ಒಂದು ಸಂಗತಿ ಹೊಳೆಯಿತು: ಅಟ್ರಾಕ್ಟಾಳ ಕೈಗಳನ್ನು ಹೇಗೆ ಜೋಡಿಸಿದ್ದರೆಂದು ಅವನಿಗೆ ಗೊತ್ತಿಲ್ಲ. ಮೂರು ಗಂಟೆ ಹೊತ್ತು ಪೆಟ್ಟಿಗೆಗೆ ಬೆನ್ನು ಹಾಕಿ ನಿಂತಿದ್ದ, ಜನರ ಕಡೆ ಮುಖ ಮಾಡಿಕೊಂಡು. ಅವನ ಮೊಣಕೈ ಹಿಡಿಯುತ್ತಿದ್ದ ಆ ಹೆಬ್ಬೆರಳು ಮೇಲಿತ್ತೋ ಕೆಳಗಿತ್ತೋ ಅದನ್ನೂ ನೋಡಿರಲಿಲ್ಲ.

ಸಾಲಿನ ಕೊನೆಯಲ್ಲಿ, ಅಕ್ಕನ ತಲೆಯ ಹತ್ತಿರ, ಜಾರ್ಲತ್ ಡೆವೇನಿ ಕುಳಿತಿದ್ದ. ಮುದುಕನಾಗಿದ್ದ, ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು. ಎದ್ದು ನಿಂತು ಮಲಕಿಯ ಕೈ ಹಿಡಿದ. ಹಿಡಿದು ಕಾದ. ಹಿಂದೆ ಸಾಲೂ ನಿಂತಿತು.

"ಏನೋ, ಹೇಳಲ್ವಾ?"

"ಬಾಯಿಗೆ ಬರ್ತಾ ಇಲ್ಲ ಕಣೋ."

"ಬರ್ದೇ ಇದ್ದಿದ್ದು ಒಳ್ಳೇದಾಯ್ತು. ಹಾಗಿದ್ರೆ ಒಂದ್ಸಲ ಬಾಯಿ ಮುಚ್ಕೊಂಡು ಕೇಳಿಸ್ಕೋ." ಜಾರ್ಲತ್‌ನ ದನಿ ಮೊದಲಿನಂತೆಯೇ ಮೂಗಿನಿಂದ ಬರುತ್ತಿತ್ತು. "ಅವತ್ತು ನಿಮ್ಮನೆಗೆ ನಾನು ಹೇಳಕ್ಕೆ ಅಂತಾನೇ ಬಂದಿದ್ದು. ಎಂಟು ವರ್ಷ ಮಾತು ಬಿಟ್ಟಿದ್ವಲ್ಲ, ದಾರಿಯುದ್ದಕ್ಕೂ ಕಾರಲ್ಲಿ ಹೇಳ್ಕೊಂಡು ಹೇಳ್ಕೊಂಡು ಬಂದೆ. ಆದ್ರೆ ನೀನು ಬಿಟ್ರೆ ತಾನೆ? ಎರಡು ಕೈಯಲ್ಲಿ ಅಮುಕಿಕೊಂಡು ನನಗೇ ಸಮಾಧಾನ ಹೇಳ್ಬಿಟ್ಟೆ. ನಮ್ಮನೇಲೇ ಯಾರೋ ಹೋಗ್ಬಿಟ್ರೇನೋ ಅಂತ ಗಾಬರಿಯಾಯ್ತು ನನಗೆ."

ಬರ್ನಡೆಟ್ ಅಳುತ್ತಿದ್ದವಳು ಮೂಗಿನಲ್ಲಿ ನಕ್ಕುಬಿಟ್ಟಳು. ಜಾರ್ಲತ್ ನಗಲಿಲ್ಲ. ಅವನ ಇನ್ನೊಂದು ಕೈ ಬಂದು ಮಲಕಿಯ ಎಡ ಮೊಣಕೈಯನ್ನು ಹಿಡಿಯಿತು.

"ಅಟ್ರಾಕ್ಟಾ ಬಹಳ ಒಳ್ಳೆ ಹೆಂಗ್ಸು. ನಿನಗೀ ಕಷ್ಟ ಬರಬಾರದಿತ್ತು ಕಣೋ ಮಲಕಿ."

ಮೊಣಕೈಯ ಮೇಲೆ ಬೆರಳು ಒತ್ತಿತು. ಮಲಕಿ ಅಭ್ಯಾಸದಂತೆ ಎರಡನೆಯ ಸಲ ಒತ್ತುವುದಕ್ಕೆ ಕಾದ. ಒತ್ತಲಿಲ್ಲ, ಹಿಡಿದುಕೊಂಡೇ ಇತ್ತು. ಆಗ ಮಲಕಿ ಗ್ಯಾಫ್ನಿ, ಏಳು ಚುನಾವಣೆ ಗೆದ್ದವನು, ತನ್ನ ಪಕ್ಷದವರೂ ಆ ಪಕ್ಷದವರೂ ನೋಡುತ್ತಿದ್ದಂತೆ, ಬೇರೆಯವರ ಹೆಣದ ಮುಂದೆ ತನ್ನ ಹೆಂಡತಿಗಾಗಿ ಅತ್ತ. ಸದ್ದು ಮಾಡಿ, ಮೂಗು ಸೋರಿಸಿಕೊಂಡು, ಮಕ್ಕಳ ಹಾಗೆ ಅತ್ತ. ನಾಚಿಕೆಯಾಯಿತು, ಆದರೂ ನಿಲ್ಲಿಸಬೇಕೆನಿಸಲಿಲ್ಲ.

"ಒಂದು ಕುರ್ಚಿ ತಗೊಂಬಾರಮ್ಮ" ಎಂದ ಜಾರ್ಲತ್ ಬರ್ನಡೆಟ್‌ಳ ಮಗಳಿಗೆ. ಹುಡುಗಿ ಅಡುಗೆಮನೆಯಿಂದ ಕುರ್ಚಿ ತಂದು ಸಾಲಿನಲ್ಲಿ ಇಟ್ಟಳು. ಬರ್ನಡೆಟ್ ತನ್ನದನ್ನು ಸರಿಸಿ ಜಾಗ ಮಾಡಿದಳು. ಅವನು ಕುಳಿತ. ಕರ್ಚೀಫು ಹುಡುಕಿ ಮುಖ ಒರೆಸಿಕೊಂಡ.

"ಆ ಜೋಕು ನಿಂದೇ ತಾನೆ?" ಎಂದು ಪಿಸುಗುಟ್ಟಿದ. "ಪೆಟ್ಟಿಗೆ ಪಕ್ಕ ಓಟು ಕೇಳಿದ್ದು?"

"ನಂದೇ." ಜಾರ್ಲತ್ ಅಕ್ಕನ ಮುಖ ನೋಡುತ್ತ ಹೇಳಿದ. "ಚೆನ್ನಾಗೇ ಇತ್ತು. ಆದ್ರೆ ಇವಳಿಗೆ ಗೊತ್ತಾಗಿ ಎರಡು ದಿನ ನನಗೆ ಊಟ ಹಾಕ್ಲಿಲ್ಲ. ಹೋಗಿ ಅವನ ಹತ್ರ ಮಾತಾಡಿ ಬಾ, ಆಮೇಲೆ ಊಟ ಅಂದ್ಲು. ನಾನು ಹೋಟ್ಲಲ್ಲಿ ತಿಂದ್ಕೊಂಡೆ. ಹೋಗಬೇಕಾಗಿತ್ತು."

ಸಾಲು ಮತ್ತೆ ಹರಿಯಲು ಶುರುವಾಯಿತು. ಪೋಸ್ಟ್‌ಮ್ಯಾನ್ ಇಗ್ನೇಷಿಯಸ್ ಬಂದ. ಹುಡುಗಿಯ ಕೈ ಕುಲುಕಿದ, ಬರ್ನಡೆಟ್‌ಳ ಕೈ ಕುಲುಕಿದ, ಮಲಕಿಯ ಎದುರು ಬಂದು ನಿಂತ. ಮಲಕಿ ಕೆಳಗೆ ನೋಡುತ್ತಿದ್ದ. ಇಗ್ನೇಷಿಯಸ್ ಸ್ವಲ್ಪ ಯೋಚಿಸಿ, ಚೀಲ ಹೊತ್ತು ಒರಟಾದ ಕೈ ಚಾಚಿ, "ನಿಮಗೀ ಕಷ್ಟ ಬರಬಾರದಿತ್ತು ಮಲಕಿ" ಎಂದ. ಅವನ ಹಿಂದಿನವಳೂ ಅಂದಳು. ಅವಳ ಹಿಂದೆ ಬಂದ ಹ್ಯೂಬರ್ಟ್ ಲಾಫ್ಟಸ್, ಇನ್ನೂ ಸಾಯದವನು, ಕೋಲೂರಿ ಬಗ್ಗಿ ಅಂದ. ಯಾರೂ ಇದೇನೆಂದು ಕೇಳಲಿಲ್ಲ. ಎಂಟು ತಿಂಗಳಿಂದ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದುದನ್ನು ತೆಗೆದು ಕೊಡುವವರ ಹಾಗೆ ಒಬ್ಬೊಬ್ಬರೂ ಕೊಟ್ಟು, ಜಾರ್ಲತ್‌ನ ಕಡೆ ಸರಿದು, ಅಡುಗೆಮನೆಗೆ ನಡೆದರು. ಮಲಕಿ ಎಲ್ಲರ ಕೈಯನ್ನೂ ಒಂದೇ ಕೈಯಿಂದ ಹಿಡಿದ. ಕೆಲವರ ಹೆಸರು ಅವನಿಗೆ ನೆನಪಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ಏಳೂವರೆಗೆ ಗೊರೆಟ್ಟಿ ಬಂದಳು. ಗೇಟಿನ ಹತ್ತಿರ ಅವನ ಕಾರು ಇನ್ನೂ ಇರುವುದನ್ನು ನೋಡಿ ಗಾಬರಿಯಾಗಿ, ಸಭೆಯ ಕಾಗದಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ ಸಾಲಿನಲ್ಲಿ ನಿಂತು ಒಳಗೆ ಬಂದಿದ್ದಳು. ಮನೆಯವರ ಸಾಲಿನಲ್ಲಿ ತನ್ನ ಕೌನ್ಸಿಲರು ಕಣ್ಣು ಕೆಂಪಗೆ ಮಾಡಿಕೊಂಡು, ಆ ಪಕ್ಷದವನ ಪಕ್ಕದಲ್ಲಿ ಕುಳಿತಿರುವುದು ಕಂಡಿತು. ಬೈಯಲು ಬಾಯಿ ತೆರೆದಳು. ಅವಳ ಹಿಂದೆ ಜನ ಕಾಯುತ್ತಿದ್ದರು. ಕಾಗದಗಳನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಕೈ ಚಾಚಿದಳು.

"ನಿಮಗೀ ಕಷ್ಟ ಬರಬಾರದಿತ್ತು" ಎಂದಳು, ಮೆಲ್ಲಗೆ. ಅಟ್ರಾಕ್ಟಾ ಅವಳಿಗೂ ಟೈ ಕಟ್ಟುವುದನ್ನು ಬಿಟ್ಟು ಉಳಿದೆಲ್ಲವನ್ನೂ ಕಲಿಸಿದ್ದಳು.

"ನೀನು ಬಂದಿದ್ದು ಸಂತೋಷ ಕಣಮ್ಮ" ಎಂದ ಮಲಕಿ. "ಒಳಗೆ ಹೋಗು. ಟೀ ಮಾಡಿದ್ದಾರೆ, ಕುಡ್ಕೊಂಡು ಹೋಗು."